ಮುಯ್ಯಿ ಪುಸ್ತಕ ಮತ್ತು ಫಿರಂಗಿ: ಉಕ್ರೇನ್ ನೆರವಿನ ಲೆಕ್ಕ

ಎಲ್ಲರಿಗೂ ನಮಸ್ಕಾರ. ರಷ್ಯಾದ ವಿರುದ್ಧ ಹೋರಾಡುತ್ತಿರುವ ಉಕ್ರೇನ್‌ಗೆ ಶಸ್ತ್ರಾಸ್ತ್ರದ ನೆರವಾಗಿ ಅಮೆರಿಕ ಎಷ್ಟು ಕೊಟ್ಟಿತು, ಯುರೋಪ್ ಎಷ್ಟು ಕೊಟ್ಟಿತು ಅನ್ನುವ ಜಗಳ ನಿಮಗೆಲ್ಲ ಗೊತ್ತಿರುವುದೇ. ಹಿನ್ನೆಲೆ ಹೇಳುತ್ತ ಕೂರುವುದಿಲ್ಲ. ನನ್ನ ತಕರಾರು ಒಂದೇ: ಈ ಲೆಕ್ಕವನ್ನು ಕೊಟ್ಟವರ ಕಡತದಲ್ಲಿ ನೋಡಬೇಡಿ, ಫಿರಂಗಿಯ ಪಕ್ಕ ನಿಂತು ನೋಡಿ.

ನಮ್ಮ ಮದುವೆಮನೆಯ ಮುಯ್ಯಿ ಪುಸ್ತಕದಲ್ಲಿ ಐನೂರು ಅಂದರೆ ಐನೂರೇ. ಶಸ್ತ್ರಾಸ್ತ್ರದ ಮುಯ್ಯಿ ಹಾಗಲ್ಲ. ಗೋದಾಮಿನಲ್ಲಿ ಇಪ್ಪತ್ತು ವರ್ಷ ಕೂತಿದ್ದ ಕ್ಷಿಪಣಿಗೆ ಯಾವ ಬೆಲೆ ಬರೆಯುವುದು? ಕೊಂಡಾಗಿನದೋ, ಸವಕಳಿ ಕಳೆದದ್ದೋ, ಅದರ ಜಾಗಕ್ಕೆ ಇವತ್ತು ಹೊಸದು ತರಲು ಬೇಕಾದದ್ದೋ? 2023ರ ಜೂನ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ ಒಪ್ಪಿಕೊಂಡಿತು, ತನ್ನ ದಾಸ್ತಾನಿನಿಂದ ಕೊಟ್ಟದ್ದಕ್ಕೆ ಹೊಸದರ ಬೆಲೆ ಹಚ್ಚಿದ್ದು ತಪ್ಪಾಯಿತು ಅಂತ. ವ್ಯತ್ಯಾಸ ಎಷ್ಟು? 620 ಕೋಟಿ ಡಾಲರ್! ರಣರಂಗದಲ್ಲಿ ಒಂದು ಗುಂಡೂ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ಕಾಗದದ ಮೇಲೆ ಅಮೆರಿಕದ ಹೊರೆ ಅಷ್ಟು ಇಳಿಯಿತು, ಮಂಜೂರಾಗಿದ್ದ ಮಿತಿಯೊಳಗೇ ಇನ್ನೂ ಅಷ್ಟು ಕೊಡಲು ಅವಕಾಶ ಹುಟ್ಟಿತು. ನಮ್ಮ ಆಡಿಟರುಗಳು ಕೇಳಿದರೆ ಎದೆ ಹಿಡಿದುಕೊಂಡಾರು.

ಇದಕ್ಕಿಂತ ಸೊಗಸಾದದ್ದು ಸ್ಲೊವೇನಿಯಾದ ಪ್ರಸಂಗ. ಜರ್ಮನಿ 2022ರಲ್ಲಿ ಒಂದು ಅದಲುಬದಲು ವ್ಯವಸ್ಥೆ ಮಾಡಿತು: ಸೋವಿಯತ್ ಕಾಲದ ಸರಕು ಇದ್ದವರು ಅದನ್ನು ಉಕ್ರೇನ್‌ಗೆ ಕಳಿಸಲಿ, ಬದಲಿಗೆ ನಾವು ನಮ್ಮದನ್ನು ಕೊಡುತ್ತೇವೆ. ಸ್ಲೊವೇನಿಯಾ 28 ಎಂ-55ಎಸ್ ಟ್ಯಾಂಕ್ ಕಳಿಸಿತು. ಸೋವಿಯತ್ ಕಾಲದ ಹಳೇ ಟಿ-55 ಟ್ಯಾಂಕನ್ನೇ ತಿದ್ದಿ 105 ಮಿ.ಮೀ. ತೋಪು ಕೂರಿಸಿದ್ದು ಅದು. ಬದಲಿಗೆ ಬಂದದ್ದು 40 ಲಾರಿ, ಅದರಲ್ಲಿ ಐದು ನೀರಿನವು. ಟ್ಯಾಂಕ್ ಕೊಟ್ಟು ಟ್ಯಾಂಕರ್ ತಂದರು ಅಂತ ನಗಬೇಡಿ, ವ್ಯವಹಾರ ಚೊಕ್ಕವಾಗಿಯೇ ಇತ್ತು. ಆ ತಳಪಾಯ, ಎಂಜಿನ್ನು ಉಕ್ರೇನಿನ ಮೆಕ್ಯಾನಿಕ್‌ಗಳಿಗೆ ಕೈಯಳತೆಯ ಸರಕು. ಮೇಲಿನ ತೋಪು ಪಶ್ಚಿಮದ ಸೇನಾಕೂಟ ನ್ಯಾಟೊದ ಅಳತೆಯದು, ಅವರ ಗುಂಡು ಇದಕ್ಕಾಗುತ್ತದೆ. ಆದರೆ ಪುಸ್ತಕದಲ್ಲಿ ಇದನ್ನು ಯಾರ ಹೆಸರಿಗೆ ಬರೆಯುತ್ತೀರಿ? ಇಬ್ಬರೂ ತಮ್ಮದೆನ್ನಬಹುದು, ಇಬ್ಬರೂ ಸುಳ್ಳು ಹೇಳಿದಂತಾಗುವುದಿಲ್ಲ.

ಅದೇ ಬ್ರಿಟನ್ ಕೊಟ್ಟ 14 ಚಾಲೆಂಜರ್ ಟ್ಯಾಂಕ್ ತೆಗೆದುಕೊಳ್ಳಿ. ತೋಪು 120 ಮಿ.ಮೀ., ಜರ್ಮನಿಯ ಲೆಪರ್ಡ್-2 ಟ್ಯಾಂಕಿನದ್ದೂ 120. ಆದರೆ ಚಾಲೆಂಜರ್‌ನ ನಳಿಗೆಯ ಒಳಗೆ ಸುರುಳಿ ಗೀರುಗಳಿವೆ, ಲೆಪರ್ಡ್‌ನದು ನುಣುಪು. ಇದರ ಗುಂಡು ಅದಕ್ಕಾಗದು. ಹದಿನಾಲ್ಕು ಗಾಡಿಗೆಂದೇ ಬೇರೆ ಗುಂಡು, ಬೇರೆ ಬಿಡಿಭಾಗ, ಬೇರೆ ತರಬೇತಿ. ಫಿರಂಗಿಯ ಪಕ್ಕ ನಿಂತು ನೋಡಿ ಅಂದದ್ದು ಇದಕ್ಕೇ.

155 ಮಿ.ಮೀ. ಶೆಲ್‌ಗೆ, ಅಂದರೆ ಫಿರಂಗಿಯ ಗುಂಡಿಗೆ, ಬರೋಣ. 2023ರ ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟ ಒಂದು ವರ್ಷದಲ್ಲಿ ಹತ್ತು ಲಕ್ಷ ಕೊಡುತ್ತೇವೆ ಅಂದಿತು. ಗಡುವಿಗೆ ತಲುಪಿದ್ದು ಅರ್ಧದಷ್ಟು. ದುಡ್ಡು ಇರಲಿಲ್ಲವೆಂದಲ್ಲ. ಶೆಲ್ ಅನ್ನುವುದು ಒಂದು ವಸ್ತುವೇ ಅಲ್ಲ: ಗುಂಡು, ಅದನ್ನು ಸಿಡಿಸುವ ಫ್ಯೂಸು, ತಳ್ಳುವ ಮದ್ದು, ಮದ್ದಿಗೆ ಕಿಡಿ ಹಚ್ಚುವ ಪ್ರೈಮರ್. ನಾಲ್ಕರಲ್ಲಿ ಒಂದು ತಡವಾದರೂ ಉಳಿದ ಮೂರು ಗೋದಾಮಿನ ಅಲಂಕಾರ. ಮದ್ದಿಗೆ ನೈಟ್ರೊಸೆಲ್ಯುಲೋಸ್ ಅನ್ನುವ ಭಗ್ಗನೆ ಉರಿಯುವ ರಾಸಾಯನಿಕ ಬೇಕು, ಅದಕ್ಕೆ ಹತ್ತಿಬೀಜಕ್ಕೆ ಅಂಟಿಕೊಂಡಿರುವ ಗಿಡ್ಡ ನಾರು ಬೇಕು, ಆ ನಾರಿಗೆ ಯುರೋಪ್ ಬಹುಮಟ್ಟಿಗೆ ಚೀನಾವನ್ನು ನೆಚ್ಚಿಕೊಂಡಿತ್ತು. ಅಲ್ಲದೆ ಒಬ್ಬರ ಮದ್ದಿಗೂ ಇನ್ನೊಬ್ಬರ ಮದ್ದಿಗೂ ಗುಂಡು ಹೊರಡುವ ವೇಗ ಬೇರೆ. ಗುರಿ ಲೆಕ್ಕ ಹಾಕುವ ಕೋಷ್ಟಕ ಬದಲಿಸದೆ ಹೊಡೆದರೆ ಗುರಿ ತಪ್ಪುತ್ತದೆ. 2024ರ ಫೆಬ್ರವರಿಯಲ್ಲಿ ಜೆಕ್ ಅಧ್ಯಕ್ಷ ಪಾವೆಲ್ ಯುರೋಪಿನ ಹೊರಗೆ 155 ಮಿ.ಮೀ.ನ ಐದು ಲಕ್ಷ, 122 ಮಿ.ಮೀ.ನ ಮೂರು ಲಕ್ಷ ಗುಂಡು ಹುಡುಕಿಟ್ಟಿದ್ದೇವೆ, ದುಡ್ಡು ಹಾಕಿ ಅಂದರು. ಅಲ್ಲಿ ಜೆಕ್‌ನವರ ಪಾಲು ಮುಖ್ಯವಾಗಿ ಹುಡುಕಾಟ. ಹುಡುಕಿದ್ದಕ್ಕೆ ಮುಯ್ಯಿ ಪುಸ್ತಕದಲ್ಲಿ ಕಾಲಂ ಇಲ್ಲ!

ಸಮಯವಾಯಿತು ಅಂತ ಚೀಟಿ ಬಂತು. ಓಡಿಸುತ್ತೇನೆ. ನೆರವಿನ ಕೆಲಸ ಹಂಚಿಕೊಂಡ ದೇಶಗಳ ಕೂಟಗಳಿವೆ, ಒಂದೊಂದಕ್ಕೆ ಮುಂದಾಳುಗಳು: ಡ್ರೋನ್‌ಗೆ ಲಾಟ್ವಿಯಾ ಮತ್ತು ಬ್ರಿಟನ್, ನೆಲಬಾಂಬ್ ತೆಗೆಯಲು ಲಿಥುವೇನಿಯಾ, ಜೊತೆಗೆ ಸೈನ್ಯವೇ ಇಲ್ಲದ ಐಸ್‌ಲ್ಯಾಂಡ್.

ಡೆನ್ಮಾರ್ಕ್ ಮಾತ್ರ ಬಿಡಲಾರೆ. 2024ರಲ್ಲಿ ಅದು ಗೋದಾಮು ಕೆದಕುವ ಬದಲು ಉಕ್ರೇನಿನ ಕಾರ್ಖಾನೆಗೇ ದುಡ್ಡು ಕೊಟ್ಟು 18 ಬೊಹ್ದಾನಾ ಹೌವಿಟ್ಜರ್, ಅಂದರೆ ಫಿರಂಗಿ, ಮಾಡಿಸಿತು. ಜರ್ಮನಿಯ ಫಿರಂಗಿ ಪಿಝಡ್ಎಚ್-2000 ಕೆಟ್ಟರೆ ರಿಪೇರಿಗೆ ಲಿಥುವೇನಿಯಾದವರೆಗೆ ಹೊತ್ತೊಯ್ಯಬೇಕಾಗುತ್ತಿತ್ತು. ಇದು ಕೆಟ್ಟರೆ ಮಾಡಿದವರು ಅಲ್ಲೇ ಇದ್ದಾರೆ.

ಪ್ರಶ್ನೆಗೆ ಐದು ನಿಮಿಷ ಇದೆಯಂತೆ, ಕೇಳಿ.