ಒಂದೇ ಸುತ್ತಿನ ಕಾರು

ಕೇಳುಗರಿಗೆ ನಮಸ್ಕಾರ.

ಟೈಮ್ ಅಟ್ಯಾಕ್ ಎಂಬ ಮೋಟಾರು ಸ್ಪರ್ಧೆಯಲ್ಲಿ ಎದುರಾಳಿ ಗಡಿಯಾರ. ಟ್ರ್ಯಾಕಿಗೆ ಇಳಿದ ಕಾರು ಒಂದು ಸುತ್ತು ಟಯರು ಬಿಸಿ ಮಾಡಿಕೊಳ್ಳುತ್ತದೆ, ಎರಡನೆಯ ಸುತ್ತನ್ನು ತನ್ನ ಶಕ್ತಿಯೆಲ್ಲ ಸೇರಿಸಿ ಓಡುತ್ತದೆ, ಮೂರನೆಯದರಲ್ಲಿ ತಣ್ಣಗಾಗುತ್ತ ಪಿಟ್ಟಿಗೆ, ಅಂದರೆ ಟ್ರ್ಯಾಕಿನ ಪಕ್ಕದ ನಿಲ್ದಾಣಕ್ಕೆ, ಮರಳುತ್ತದೆ. ದಿನವಿಡೀ ಎಷ್ಟು ಸುತ್ತು ಓಡಿದರೂ ಎಲ್ಲಕ್ಕಿಂತ ಕಡಿಮೆ ಸಮಯದ ಒಂದು ಸುತ್ತಷ್ಟೇ ಲೆಕ್ಕಕ್ಕೆ ಬರುತ್ತದೆ.

ಇದರ ತವರು ಜಪಾನು. ಟೋಕಿಯೊ ನಗರದ ಆಚೆ ಇಬರಾಕಿ ಪ್ರಾಂತ್ಯದಲ್ಲಿ ತ್ಸುಕುಬಾ ಎಂಬ ಸರ್ಕಿಟ್ ಇದೆ, ಉದ್ದ ಬರೀ 2,045 ಮೀಟರ್. ಕಾರು ಟ್ಯೂನ್ ಮಾಡುವ ಗ್ಯಾರೇಜುಗಳು ತಮ್ಮ ಕೈಚಳಕ ತೋರಿಸಲು ಅಲ್ಲಿಗೆ ಕಾರು ತರುತ್ತಿದ್ದವು. ಒಂದು ನಿಮಿಷದೊಳಗೆ ಸುತ್ತು ಮುಗಿಸಿದರೆ ಅದೇ ದೊಡ್ಡ ಪ್ರತಿಷ್ಠೆ. 2007ರಲ್ಲಿ ಎಚ್‌ಕೆಎಸ್ ಕಂಪನಿಯ ಮಿತ್ಸುಬಿಷಿ ಲ್ಯಾನ್ಸರ್ ಇವೊ ಅದನ್ನು 53.589 ಸೆಕೆಂಡಿಗೆ ಇಳಿಸಿತು. 2010ರಿಂದ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವರ್ಲ್ಡ್ ಟೈಮ್ ಅಟ್ಯಾಕ್ ಚಾಲೆಂಜ್ ಶುರುವಾಯಿತು. ನಮ್ಮ ಕಡೆಯವರಿಗೆ ಹತ್ತಿರದ ಟ್ರ್ಯಾಕುಗಳೆಂದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಮತ್ತು ಬೆಂಗಳೂರು–ಚೆನ್ನೈ ಹೆದ್ದಾರಿಯ ಮೇಲೇ ಸಿಗುವ ಇರುಂಗಾಟ್ಟುಕೋಟೈ ಸರ್ಕಿಟ್. ಮೊದಲನೆಯದು ಸುಮಾರು 2.1 ಕಿಲೊಮೀಟರ್, ಎರಡನೆಯದು 3.7. ಎರಡೂ ಬೆಂಗಳೂರಿನಿಂದ ಒಂದು ರಾತ್ರಿಯ ದಾರಿ.

ಮಾತಿಗೆ ಒಂದು ಕಾರು ಬೇಕಲ್ಲ, ಫೋಕ್ಸ್‌ವ್ಯಾಗನ್ ಪೋಲೊ 1.0 ಟಿಎಸ್ಐ ತೆಗೆದುಕೊಳ್ಳೋಣ. ಮೂರು ಸಿಲಿಂಡರಿನ ಟರ್ಬೊ ಎಂಜಿನ್, 110 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ಕೈಗೇರು, ಮುಂದಿನ ಚಕ್ರಗಳಿಗೆ ಚಾಲನೆ, ಹಿಂದೆ ಡ್ರಮ್ ಬ್ರೇಕು. ಇಂಥ ಕಾರು ಕೊಂಡವರು ಸಾಮಾನ್ಯವಾಗಿ ಮೊದಲು ಇಸಿಯು, ಅಂದರೆ ಎಂಜಿನ್ ಆಳುವ ಕಂಪ್ಯೂಟರು, ಅದರ ಲೆಕ್ಕ ಬದಲಿಸುವ ರೀಮ್ಯಾಪ್ ಮಾಡಿಸುತ್ತಾರೆ, ಆಮೇಲೆ ಎಕ್ಸಾಸ್ಟ್, ಆಮೇಲೆ ದೊಡ್ಡ ಅಲಾಯ್ ಚಕ್ರ. ಬ್ರೇಕಿನ ಸರದಿ ಬರುವಷ್ಟರಲ್ಲಿ ಕೈಯಲ್ಲಿ ಹಣ ಇರುವುದಿಲ್ಲ. ಈ ಸಾಲನ್ನು ಪೂರಾ ತಿರುವುಮುರುವು ಮಾಡಬೇಕು. ಎಂಜಿನ್ನಿಗೆ ಕೈ ಹಾಕುವುದು ಕಟ್ಟಕಡೆಗೆ.

ಬ್ರೇಕಿನಿಂದ ಶುರು ಮಾಡೋಣ. ಚಾಲಕನೂ ಸೇರಿ 1,150 ಕಿಲೊ ತೂಗುವ ಕಾರು ಗಂಟೆಗೆ 140 ಕಿಲೊಮೀಟರ್ ವೇಗದಿಂದ 60ಕ್ಕೆ ಇಳಿಯುವಾಗ ಸುಮಾರು 7 ಲಕ್ಷ ಜೂಲ್ ಶಕ್ತಿ ಶಾಖವಾಗಿ ಹೊರಬೀಳುತ್ತದೆ. ಎರಡು ಲೀಟರ್ ತಣ್ಣೀರನ್ನು ಕುದಿಯುವ ಹದಕ್ಕೆ ತರಲು ಅಷ್ಟು ಶಾಖ ಸಾಕು. ಮೂರು ಸೆಕೆಂಡಿನೊಳಗೆ ಇದೆಲ್ಲ ಡಿಸ್ಕು, ಪ್ಯಾಡುಗಳ ಮೈಮೇಲೆ ಬರುತ್ತದೆ, ಅದರಲ್ಲೂ ಹೆಚ್ಚಿನ ಪಾಲು ಮುಂದಿನ ಎರಡು ಚಕ್ರಗಳ ಮೇಲೆ. ಮುಂದಿನ ತಿರುವಿನಲ್ಲಿ ಮತ್ತೆ ಅದೇ.

ಗ್ಯಾರೇಜುಗಳಲ್ಲಿ ಬ್ರೇಕ್ ಆಯಿಲ್ ಎಂದು ಕರೆಯುವ ದ್ರವ ಗಾಳಿಯ ತೇವವನ್ನು ಹೀರುತ್ತ ಹೋಗುತ್ತದೆ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎರಡು ಮಳೆಗಾಲ ಕಂಡ ಆಯಿಲ್ ಹಾಕಿಕೊಂಡು ಟ್ರ್ಯಾಕಿಗೆ ಹೋದರೆ ಅದು ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನೊಳಗೇ ಕುದಿದು ಆವಿಯಾಗುತ್ತದೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಒತ್ತಡವನ್ನು ಪ್ಯಾಡಿಗೆ ಮುಟ್ಟಿಸುವುದಿಲ್ಲ. ಆಗ ಪೆಡಲು ಮೆತ್ತಗಾಗಿ ನೆಲಕ್ಕೇ ಹೋಗುತ್ತದೆ. ಪೆಡಲು ಕಲ್ಲಿನಂತೆ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ತಪ್ಪು ಆಯಿಲಿನದಲ್ಲ, ಪ್ಯಾಡು ತನ್ನ ಶಾಖದ ಮಿತಿ ದಾಟಿದೆ. ಈ ಎರಡು ಲಕ್ಷಣ ಕಾಲಿಗೆ ಬೇರೆಬೇರೆಯಾಗಿ ಗೊತ್ತಾಗಬೇಕು. ಒಂದಕ್ಕೆ ಮದ್ದು ಹೊಸ ಆಯಿಲ್, ಇನ್ನೊಂದಕ್ಕೆ ಬೇರೆ ಪ್ಯಾಡು.

ಆದ್ದರಿಂದ ಮೊದಲ ಖರ್ಚು 300 ಡಿಗ್ರಿ ಮೇಲ್ಪಟ್ಟು ಕುದಿಯುವ ರೇಸಿಂಗ್ ಬ್ರೇಕ್ ಆಯಿಲ್, ಒಂದು ಲೀಟರ್. ಹಳೆಯದನ್ನು ಪೂರ್ತಿ ಹೊರಗೆ ಬಿಟ್ಟು ನಾಲ್ಕೂ ಚಕ್ರಗಳ ಬ್ರೇಕ್ ಕೊಳವೆಯಿಂದ ಗಾಳಿ ತೆಗೆಯಬೇಕು. ಯಾವ ಚಕ್ರ ಮೊದಲು ಎಂಬುದನ್ನು ಆ ಕಾರಿನ ಸರ್ವಿಸ್ ಪುಸ್ತಕ ನೋಡಿಯೇ ಮಾಡಿ. ಡಾಟ್ 5 ಎಂದು ಬರೆದದ್ದನ್ನು ಮಾತ್ರ ಕೊಳ್ಳಬೇಡಿ, ಅದು ಸಿಲಿಕೋನ್, ಇದರೊಂದಿಗೆ ಬೆರೆಯದು. ಡಾಟ್ 5.1 ಬೇರೆ, ಅದನ್ನು ಬಳಸಬಹುದು. ಎರಡನೆಯ ಖರ್ಚು ಟ್ರ್ಯಾಕ್ ಪ್ಯಾಡು. ಹೊಸ ಪ್ಯಾಡನ್ನು ಡಿಸ್ಕಿಗೆ ಪಳಗಿಸಬೇಕು: ಗಂಟೆಗೆ 100ರಿಂದ 20ಕ್ಕೆ ಎಂಟು–ಹತ್ತು ಸಲ ಜೋರಾಗಿ ಇಳಿಸಿ, ಆದರೆ ಪೂರ್ತಿ ನಿಲ್ಲಿಸದೆ, ಆಮೇಲೆ ಬ್ರೇಕು ಮುಟ್ಟದೆ ಹತ್ತು ನಿಮಿಷ ಓಡಿಸಿ ತಣಿಸಬೇಕು. ಇದನ್ನು ಮಾಡುವುದೂ ಟ್ರ್ಯಾಕಿನಲ್ಲೇ, ರಸ್ತೆಯಲ್ಲಲ್ಲ. ಬಿಸಿ ಡಿಸ್ಕಿನ ಮೇಲೆ ಪ್ಯಾಡು ಒತ್ತಿ ಹಿಡಿದು ನಿಂತರೆ ಪ್ಯಾಡಿನ ಪದರ ಅಲ್ಲೇ ಅಚ್ಚಾಗಿ ಕೂರುತ್ತದೆ. ಮುಂದೆ ಬ್ರೇಕು ಒತ್ತಿದಾಗಲೆಲ್ಲ ಸ್ಟೀರಿಂಗ್ ನಡುಗುತ್ತದೆ, ಮೆಕ್ಯಾನಿಕ್ಕು ಡಿಸ್ಕು ಬೆಂಡಾಗಿದೆ ಎನ್ನುತ್ತಾನೆ. ಬಹಳ ಸಲ ಅದು ಬೆಂಡಲ್ಲ, ಈ ಅಚ್ಚು.

ಟಯರಿಗೆ ಬರೋಣ. ಕಾರು ನೆಲಕ್ಕೆ ತಾಗುವುದು ನಾಲ್ಕು ಅಂಗೈಯಷ್ಟು ಜಾಗದಲ್ಲಿ. ಸುತ್ತಿನ ಸಮಯವನ್ನು ಸೆಕೆಂಡುಗಟ್ಟಲೆ ಇಳಿಸುವ ಒಂದೇ ಬಿಡಿಭಾಗ ಬೇಕೆಂದರೆ ಅದು ಟಯರು. ಪಕ್ಕದಲ್ಲಿ ಟ್ರೆಡ್‌ವೇರ್ 200 ಎಂದು ಬರೆದಿರುವ ಮೆದು ರಬ್ಬರಿನದು ಈ ಆಟಕ್ಕೆ ಒಳ್ಳೆಯ ಆರಂಭ. ಕೊಳ್ಳುವ ಮುನ್ನ ತಯಾರಿಕೆಯ ನಾಲ್ಕಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರದ್ದು. ಬಟನ್ನು, ಅಂದರೆ ನೆಲಕ್ಕೆ ತಾಗುವ ಮೈಯ ಅಚ್ಚು, ಎಷ್ಟೇ ಆಳವಿರಲಿ, ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ರಬ್ಬರು ಗಟ್ಟಿಯಾಗಿರುತ್ತದೆ, ಹಿಡಿತ ಕೊಡುವುದಿಲ್ಲ.

ಗಾಳಿಯ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇದಕ್ಕೆ ಕಾಸು ಖರ್ಚಿಲ್ಲ, ಫಲ ಮಾತ್ರ ದೊಡ್ಡದು. ಟಯರಿನೊಳಗಿನ ಗಾಳಿ ಏಳೆಂಟು ಡಿಗ್ರಿ ಬಿಸಿಯಾದಂತೆಲ್ಲ ಒತ್ತಡ ಸುಮಾರು ಒಂದು ಪಿಎಸ್ಐ ಏರುತ್ತದೆ. ಬೆಳಗ್ಗೆ ತಣ್ಣಗಿರುವಾಗ 26 ತುಂಬಿದ್ದು ಓಡಿ ಬರುವಷ್ಟರಲ್ಲಿ 32 ಆಗಿರುತ್ತದೆ. ನಮಗೆ ಬೇಕಾದದ್ದು ಈ ಬಿಸಿಯ ಅಂಕಿ. ಇಂಥ ಕಾರಿಗೆ ಬಿಸಿಯಲ್ಲಿ 32ರಿಂದ 34ರವರೆಗೆ ಇಟ್ಟು ಶುರು ಮಾಡಿ. ಪಿಟ್ಟಿಗೆ ಬಂದ ಒಂದು ನಿಮಿಷದೊಳಗೆ ಅಳೆಯಬೇಕು, ತಡವಾದರೆ ಅಳತೆ ಸುಳ್ಳು ಹೇಳುತ್ತದೆ. ಓಡುವ ಮುನ್ನ ಟಯರಿನ ಅಂಚಿನಲ್ಲಿ, ಬಟನ್ನಿನಿಂದ ಪಕ್ಕದ ಗೋಡೆಯವರೆಗೆ, ಮೂರು ಕಡೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಬಂದ ಮೇಲೆ ನೋಡಿ. ಗೆರೆ ಪಕ್ಕದ ಗೋಡೆಯ ಮೇಲೂ ಅಳಿಸಿಹೋಗಿದ್ದರೆ ಟಯರು ಮಗುಚಿ ಉರುಳುತ್ತಿದೆ: ಗಾಳಿ ಕಡಿಮೆ, ಇಲ್ಲವೇ ಕ್ಯಾಂಬರ್ ಕಡಿಮೆ. ಬಟನ್ನಿನ ಅಂಚಿನಲ್ಲೂ ಗೆರೆ ಹಾಗೇ ಉಳಿದಿದ್ದರೆ ಗಾಳಿ ಜಾಸ್ತಿ.

ಕ್ಯಾಂಬರ್ ಎಂದರೆ ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಗೆ ವಾಲಿರುವ ಕೋನ. ತಿರುವಿನಲ್ಲಿ ಕಾರು ಹೊರಗೆ ಮಗ್ಗುಲಾದಾಗ ಹೊರಚಕ್ರವೂ ಅದರೊಂದಿಗೆ ಹೊರಗೆ ಬಾಗುತ್ತದೆ. ಮೊದಲೇ ಒಳಗೆ ವಾಲಿಸಿಟ್ಟಿದ್ದರೆ ಆ ಹೊತ್ತಿಗೆ ಸರಿಯಾಗಿ ನೆಲಕ್ಕೆ ಮಟ್ಟಸ ಕೂರುತ್ತದೆ. ಸ್ಪ್ರಿಂಗೂ ಶಾಕ್ಸೂ ಒಂದೇ ಕಂಬವಾಗಿ ಚಕ್ರ ಹಿಡಿಯುವ ಮೆಕ್‌ಫರ್ಸನ್ ಸ್ಟ್ರಟ್ ಇರುವ ಪೋಲೊ ಥರದ ಕಾರಿಗೆ ಮುಂದೆ ಮೈನಸ್, ಅಂದರೆ ಒಳಗೆ ವಾಲಿದ, 2.5ರಿಂದ 3 ಡಿಗ್ರಿ ಬೇಕು. ಮಾಮೂಲು ಬೋಲ್ಟುಗಳಲ್ಲಿ ಅಷ್ಟು ಸಿಗುವುದಿಲ್ಲ, ಸ್ಟ್ರಟ್ಟಿನ ತಲೆಗೆ ಕ್ಯಾಂಬರ್ ಪ್ಲೇಟ್ ಹಾಕಬೇಕು. ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿ ಒಳಗೋ ಹೊರಗೋ ತಿರುಗಿರುವ ಅಳತೆ, ಸೊನ್ನೆ ಇರಲಿ, ಅಥವಾ ಒಂದೆರಡು ಮಿಲಿಮೀಟರ್ ಹೊರಗೆ. ಹಿಂದೆ ಇರುವುದು ಎರಡೂ ಚಕ್ರಗಳನ್ನು ಜೋಡಿಸುವ ತೊಲೆ, ಅಂದರೆ ಟಾರ್ಷನ್ ಬೀಮ್, ಅಲ್ಲಿ ತಿರುಗಿಸಲು ಬೋಲ್ಟಿಲ್ಲ. ಚಕ್ರದ ಸ್ಟಬ್ ಆಕ್ಸಲಿಗೂ ಬೀಮಿಗೂ ನಡುವೆ ಶಿಮ್ ಎಂಬ ಓರೆಯಾದ ತೆಳು ತಗಡು ಇಟ್ಟು ಕೋನ ತರುತ್ತಾರೆ. ಈ ಅಳತೆಗಳನ್ನೆಲ್ಲ ಚಾಲಕ ಸೀಟಿನಲ್ಲಿ ಕೂತಿರುವಾಗಲೇ ತೆಗೆಯಬೇಕು, ಇಲ್ಲವೇ ಆತನ ತೂಕದ ಮರಳುಮೂಟೆ ಇಟ್ಟು.

ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವ ಕೆಟ್ಟ ಅಭ್ಯಾಸವನ್ನು ದಯವಿಟ್ಟು ಬಿಡಿ. ಒಂದೂವರೆ ಸುತ್ತು ಕತ್ತರಿಸಿದ ಸ್ಪ್ರಿಂಗು ತನ್ನ ಬಟ್ಟಲಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಗಾಳಿಗೆ ಎದ್ದಾಗ ಅದು ಕಳಚಿಕೊಳ್ಳಲೂಬಹುದು. ಶಾಕ್ಸ್ ಪೂರ್ತಿ ಒಳಗೆ ಹೋಗಿ ಬಂಪ್ ಸ್ಟಾಪ್ ಎಂಬ ಕೊನೆಯ ತಡೆಗೆ ಬಡಿಯುತ್ತದೆ, ಆ ಕ್ಷಣಕ್ಕೆ ಟಯರು ಹಿಡಿತ ಬಿಡುತ್ತದೆ. ಕಾಯಿಲ್‌ಓವರ್ ಎಂಬ, ಎತ್ತರ ಹೊಂದಿಸಬಹುದಾದ ಸರಿಯಾದ ಸ್ಪ್ರಿಂಗ್–ಶಾಕ್ಸ್ ಜೋಡಿ ಹಾಕಿದರೂ 30–35 ಮಿಲಿಮೀಟರಿಗಿಂತ ತಗ್ಗಿಸಬೇಡಿ. ಚಾಸಿಯಿಂದ ಚಕ್ರಕ್ಕೆ ಹೋಗುವ ಕೆಳತೋಳು, ಅಂದರೆ ಲೋವರ್ ಆರ್ಮ್, ಚಕ್ರದ ಕಡೆಗೆ ಮೇಲ್ಮುಖವಾಗಿ ಏರಿ ನಿಂತಿತೆಂದರೆ ಅತಿಯಾಯಿತು ಎಂದೇ ಅರ್ಥ. ಕಾರು ತಗ್ಗಿಸಿದ್ದರೂ ಮೊದಲಿಗಿಂತ ಹೆಚ್ಚು ಮಗ್ಗುಲಾಗುತ್ತದೆ, ಗುಂಡಿ ಸಿಕ್ಕಾಗ ಸ್ಟೀರಿಂಗ್ ತಾನೇ ಎಳೆಯುತ್ತದೆ. ಮುಂಚಾಲನೆಯ ಕಾರಿಗೆ ಹಿಂಭಾಗ ಬಿಗಿಯಾಗಿರುವುದು ಒಳ್ಳೆಯದು. ತಿರುವಿನಲ್ಲಿ ಹಿಂದಿನ ಒಳಚಕ್ರ ನೆಲ ಬಿಟ್ಟು ನಾಲ್ಕು ಬೆರಳು ಎದ್ದರೆ ಗಾಬರಿ ಬೇಡ, ಮುಂದಿನ ಚಕ್ರಗಳು ತಮ್ಮ ಕೆಲಸ ಮಾಡುತ್ತಿವೆ.

ಒಳಗಿನ ಮುಂಚಕ್ರ ಹೊಗೆಯಾಡುತ್ತ ಸುಮ್ಮನೆ ತಿರುಗುತ್ತಿದ್ದರೆ ಮಾತ್ರ ಎಲ್‌ಎಸ್‌ಡಿ, ಅಂದರೆ ಎಂಜಿನ್ನಿನ ಬಲವೆಲ್ಲ ಜಾರುವ ಚಕ್ರಕ್ಕೇ ಹೋಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಬೇಕಾಗುತ್ತದೆ. ಹೆಲಿಕಲ್ ಗೇರಿನ ಬಗೆ ನಯವಾಗಿ ಕೆಲಸ ಮಾಡುತ್ತದೆ, ಆದರೆ ಚಾಲನೆಯ ಚಕ್ರ ಪೂರ್ತಿ ಗಾಳಿಗೆ ಎದ್ದರೆ ಸೋಲುತ್ತದೆ. ಪ್ಲೇಟಿನ ಬಗೆ ಸೋಲುವುದಿಲ್ಲ, ಆದರೆ ಸದ್ದು ಮಾಡುತ್ತದೆ, ಪ್ಲೇಟು ಸವೆಯುತ್ತದೆ, ಗೇರ್ ಆಯಿಲ್ ಬೇಗಬೇಗ ಬದಲಿಸಬೇಕು. ಸಣ್ಣ ಕಾರಿಗೆ ಹೆಲಿಕಲ್ಲೇ ಮೇಲು.

ತೂಕ ಇಳಿಸುವುದು ಸುಲಭ: ಸ್ಟೆಪ್ನಿ, ಜಾಕಿ, ಹಿಂದಿನ ಸೀಟು, ಡಿಕ್ಕಿಯ ಹಾಸು. ಇದಿಷ್ಟೇ ಅರ್ಧ ಕ್ವಿಂಟಲಿನ ಹತ್ತಿರ ಬರುತ್ತದೆ. ಪೆಟ್ರೋಲು ಲೀಟರಿಗೆ ಮುಕ್ಕಾಲು ಕಿಲೊ, ಒಂದೇ ಸುತ್ತಿಗೆ ಫುಲ್ ಟ್ಯಾಂಕು ಹೊರುವುದೇಕೆ? ಆದರೆ ತೀರಾ ತಳಕ್ಕೂ ಇಳಿಸಬೇಡಿ. ಉದ್ದನೆಯ ತಿರುವಿನಲ್ಲಿ ಪೆಟ್ರೋಲು ಟ್ಯಾಂಕಿನ ಒಂದು ಮೂಲೆಗೆ ಸರಿದು ಪಂಪು ಗಾಳಿ ಎಳೆಯುತ್ತದೆ, ಎಂಜಿನ್ ಮುಗ್ಗರಿಸುತ್ತದೆ. 15 ಲೀಟರ್ ಇಟ್ಟುಕೊಳ್ಳಿ. ಜೀವ ಕಾಯುವ ಯಾವ ವಸ್ತುವಿನ ತೂಕವನ್ನೂ ಲೆಕ್ಕ ಹಾಕಬೇಡಿ. ರೋಲ್ ಕೇಜ್ ಎಂಬ ಒಳಗಿನ ಉಕ್ಕಿನ ಪಂಜರ, ಮೈಯನ್ನು ಅಪ್ಪಿ ಹಿಡಿಯುವ ಬಕೆಟ್ ಸೀಟು, ಆರು ಪಟ್ಟಿಯ ಹಾರ್ನೆಸ್ ಬೆಲ್ಟು ಮೂರೂ ಒಟ್ಟಿಗೇ ಬರಬೇಕು. ಮಾಮೂಲು ಸೀಟಿಗೆ ಹಾರ್ನೆಸ್ ಬಿಗಿದು ಕೂತರೆ, ಕಾರು ಮಗುಚಿ ಛಾವಣಿ ಕುಸಿದಾಗ ಮೈ ಪಕ್ಕಕ್ಕೆ ಸರಿಯಲಾರದು, ಕುತ್ತಿಗೆಗೆ ಏಟು. ಕೇಜ್ ಇಲ್ಲದಿದ್ದರೆ ಕಂಪನಿಯ ಸೀಟ್‌ಬೆಲ್ಟೇ ಸುರಕ್ಷಿತ. ಎರಡು ಕಿಲೊ ತೂಕದ ಅಗ್ನಿಶಾಮಕವನ್ನು ಲೋಹದ ಪಟ್ಟಿಯಿಂದ ನೆಲಕ್ಕೆ ಬಿಗಿಯಿರಿ, ಪ್ಲಾಸ್ಟಿಕ್ ಕ್ಲಿಪ್ಪು ಬೇಡ.

ಇಲ್ಲೇ ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಾಯಿತ ವಾಹನದ ಮೂಲ ಸ್ವರೂಪ ಬದಲಿಸುವುದನ್ನು ತಡೆಯುತ್ತದೆ. ಸೀಟು ಕಿತ್ತು ಕೇಜ್ ಹಾಕಿದ ಕಾರು ಟ್ರ್ಯಾಕಿಗೆ ಟ್ರೇಲರ್ ಮೇಲೇ ಹೋಗಬೇಕು. ಆ ಬಾಡಿಗೆಯನ್ನೂ ಮೊದಲ ದಿನವೇ ಖರ್ಚಿನ ಪಟ್ಟಿಗೆ ಸೇರಿಸಿ.

ಈಗ ಎಂಜಿನ್ನು. ರೀಮ್ಯಾಪ್‌ನಿಂದ ಈ ಎಂಜಿನ್ 130 ಪಿಎಸ್ ಆಸುಪಾಸಿಗೆ ಏರುತ್ತದೆ. ಆದರೆ ನಮ್ಮ ಬಿಸಿಲಿನಲ್ಲಿ ಟರ್ಬೊ ಕಾರಿನ ಶತ್ರು ಶಾಖ. ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕಾದರೆ ಒಳಹೋಗುವ ಗಾಳಿ ಬಿಸಿಯಾಗುತ್ತದೆ, ಸಿಲಿಂಡರಿನಲ್ಲಿ ಪೆಟ್ರೋಲು ಅಡ್ಡಾದಿಡ್ಡಿ ಸಿಡಿಯುವ ನಾಕ್ ತಪ್ಪಿಸಲು ಇಸಿಯು ಇಗ್ನಿಷನ್ನನ್ನು ಹಿಂದಕ್ಕೆ ಎಳೆಯುತ್ತದೆ, ಅಂದರೆ ಕಿಡಿಯನ್ನು ತಡವಾಗಿ ಹಾರಿಸುತ್ತದೆ, ಕೊಂಡ ಶಕ್ತಿ ಕಳೆದೇಹೋಗುತ್ತದೆ. ಹಾಗಾಗಿ ಮ್ಯಾಪಿಗಿಂತ ಮೊದಲು ದೊಡ್ಡ ಇಂಟರ್‌ಕೂಲರ್, ಹೊಸ ಕೂಲೆಂಟ್, ರೇಡಿಯೇಟರಿನ ಸುತ್ತ ಗಾಳಿ ಸೋರದಂತೆ ಫೋಮ್ ಪಟ್ಟಿ. ಎಂಜಿನ್ ಆಯಿಲ್ ಬಿಸಿ 130 ಡಿಗ್ರಿ ದಾಟಿದರೆ ಆಯಿಲ್ ಕೂಲರ್ ಬೇಕು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮೇಲಿನ ಗುರುತಿಗೆ ಸರಿಯಾಗಿರಲಿ. ಕಡಿಮೆಯಿದ್ದರೆ ತಿರುವಿನಲ್ಲಿ ಆಯಿಲ್ ಸಂಪಿನ ಪಕ್ಕಕ್ಕೆ ಸರಿದು ಪಂಪು ಖಾಲಿ ಎಳೆಯುತ್ತದೆ, ಒಂದೆರಡು ಸೆಕೆಂಡಿನಲ್ಲೇ ಬೇರಿಂಗು ಹೋಗುತ್ತದೆ. ಮ್ಯಾಪನ್ನು ಯಾವ ಪೆಟ್ರೋಲಿಗೆ ಮಾಡಿಸಿದಿರೋ ಅದನ್ನೇ ಹಾಕಿ. 100 ಆಕ್ಟೇನಿಗೆ ಹೊಂದಿಸಿದ ಕಾರಿಗೆ ಹೆದ್ದಾರಿಯ ಬಂಕಿನಲ್ಲಿ ಸಿಕ್ಕಿದ್ದನ್ನು ತುಂಬಿದರೆ ಪಿಸ್ಟನ್ನಿಗೆ ಅಪಾಯ.

ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಒತ್ತುವ ಹಿಂದಿನ ರೆಕ್ಕೆ, ಮುಂದಿನ ಬಂಪರಿನಡಿಯ ಹಲಗೆಯಾದ ಸ್ಪ್ಲಿಟರ್‌ಗಳ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು, ಸಣ್ಣ ಟ್ರ್ಯಾಕಿನ ವೇಗಕ್ಕೆ ಅವುಗಳ ಫಲವೂ ಚಿಕ್ಕದೇ. ಮುಂಚಾಲನೆಯ ಕಾರಿಗೆ ಹಿಂದೆ ಮಾತ್ರ ರೆಕ್ಕೆ ಹಾಕಿದರೆ ವೇಗದ ತಿರುವಿನಲ್ಲಿ ಮೂತಿ ಹೊರಗೆ ಜಾರುತ್ತದೆ. ಮುಂದೆ ಸ್ಪ್ಲಿಟರ್ ಹಾಕುವುದಾದರೆ ಅದು ಬಂಪರಿಗೆ ನೇತಾಡಬಾರದು, ಚಾಸಿಯಿಂದ ಬಂದ ಆಧಾರಕ್ಕೆ ಬಿಗಿಯಬೇಕು. ಒಬ್ಬ ಆಳು ಹತ್ತಿ ನಿಂತರೂ ಬಾಗದಿದ್ದರೆ ಸರಿ.

ಟ್ರ್ಯಾಕಿನ ದಿನ ಬೆಳಗಿನ ಮೊದಲ ಸರದಿಯನ್ನು ವ್ಯರ್ಥ ಮಾಡಬೇಡಿ. ತಂಪು ಗಾಳಿಯಲ್ಲಿ ಎಂಜಿನ್ನಿನ ಉಸಿರು ಚೆನ್ನಾಗಿರುತ್ತದೆ, ಒಳ್ಳೆಯ ಸಮಯ ಬಹುಪಾಲು ಆಗಲೇ ಬರುತ್ತದೆ. ಮುಂದಿನ ಕಾರಿನಿಂದ ಬೇಕಾದಷ್ಟು ಅಂತರ ಬಿಟ್ಟು ಹೊರಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಗಾಳಿ, ಕೋನ, ಸಮಯ, ಬಿಸಿಲು ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಿ. ಗಾಳಿಯನ್ನೂ ಶಾಕ್ಸನ್ನೂ ಒಟ್ಟಿಗೇ ಬದಲಿಸಿದರೆ ಅರ್ಧ ಸೆಕೆಂಡು ಇಳಿದದ್ದು ಯಾವುದರಿಂದ ಎಂದು ಯಾರೂ ಹೇಳಲಾರರು.

ಪಿಟ್ಟಿಗೆ ಬಂದ ಮೇಲೆ ಹ್ಯಾಂಡ್‌ಬ್ರೇಕು ಎಳೆಯಬೇಡಿ, ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಮರದ ಅಡ್ಡಿ ಕೊಡಿ. ಟರ್ಬೊ ತಣಿಯಲು ಎಂಜಿನ್ನನ್ನು ಒಂದೆರಡು ನಿಮಿಷ ಐಡಲಿನಲ್ಲಿ ಬಿಡಿ. ಬಾನೆಟ್ ತೆರೆಯಿರಿ, ಆದರೆ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಚಕ್ರಗಳು ಕೈಯಲ್ಲಿ ಮುಟ್ಟುವಷ್ಟು ತಣ್ಣಗಾದ ಮೇಲೆ ಟಾರ್ಕ್ ರೆಂಚ್ ಹಿಡಿದು ಬೋಲ್ಟುಗಳನ್ನೆಲ್ಲ ಒಂದೊಂದಾಗಿ ನೋಡಿ. ಪೋಲೊ ಕಾರಿಗೆ 120 ನ್ಯೂಟನ್ ಮೀಟರ್. ಯಾವುದಾದರೂ ಬೋಲ್ಟು ಕ್ಲಿಕ್ ಎನ್ನುವ ಮೊದಲು ಕಾಲು ಸುತ್ತು ತಿರುಗಿದರೆ ಆ ಚಕ್ರ ಬಿಚ್ಚಿ, ಕೂರುವ ಜಾಗ ಒರೆಸಿ, ಮತ್ತೆ ಹಾಕಿ. ಅಲ್ಲಿಯವರೆಗೆ ಮುಂದಿನ ಸರದಿಗೆ ಕಾರು ಇಳಿಸಬೇಡಿ.