ಸ್ನೇಹದ ಗಂಟು

ಕೇಳುಗರಿಗೆ ನಮಸ್ಕಾರ. ಇವತ್ತು ಒಂದು ಮೇಣದಬತ್ತಿ ಸ್ಟ್ಯಾಂಡಿನ ಬಗ್ಗೆ ಹೇಳುತ್ತೇನೆ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ, ನೀರಿನ ದಂಡೆಗೆ ಹೊಂದಿಕೊಂಡ ಬೀದಿಯಲ್ಲಿ, ಸ್ವೆನ್ಸ್ಕ್ಟ್ ಟೆನ್ ಅಂತ ಒಂದು ಹಳೇ ಅಂಗಡಿ ಇದೆ. ಈ ಸ್ಟ್ಯಾಂಡ್ ಆ ಅಂಗಡಿಯದು. ಇದಕ್ಕೆ ಅವರಿಟ್ಟ ಹೆಸರು ಸ್ನೇಹದ ಗಂಟು. 1938ರಲ್ಲಿ ಇದರ ವಿನ್ಯಾಸ ಮಾಡಿದವರು ಯೋಸೆಫ್ ಫ್ರಾಂಕ್.

ನೋಡೋಕೆ ಆಡಂಬರ ಏನೂ ಇಲ್ಲ. ಹಿತ್ತಾಳೆಯ ತೋಳುಗಳು ಒಂದನ್ನೊಂದು ಬಳಸಿಕೊಂಡು ಗಂಟಾಗಿ ನಿಂತಿವೆ, ಅಷ್ಟೇ. ಆದರೆ ಹಗ್ಗಕ್ಕೆ ಗಂಟು ಹಾಕಿದಷ್ಟು ಸಲೀಸಲ್ಲ ಲೋಹಕ್ಕೆ ಹಾಕುವುದು. ಇಲ್ಲಿ ಹಿತ್ತಾಳೆ ಎಷ್ಟು ಮೆತ್ತಗೆ ಬಾಗಿದೆ ಅಂದರೆ, ಬಲ ಹಾಕಿ ಬಗ್ಗಿಸಿದ್ದು ಅಂತ ಅನಿಸುವುದೇ ಇಲ್ಲ. ಬತ್ತಿ ಹಚ್ಚಿದಾಗ ಪ್ರತಿ ತಿರುವಿನಲ್ಲೂ ಬೆಳಕು ಒಂದೊಂದು ಗೆರೆಯಾಗಿ ಹೊಳೆಯುತ್ತದೆ. ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನ ಸೂರ್ಯ ಮಧ್ಯಾಹ್ನ 3 ಗಂಟೆಗೆ ಮುಂಚೆಯೇ ಮುಳುಗುತ್ತಾನೆ. ಅಂಥ ಊರಿನಲ್ಲಿ ಮೇಜಿನ ಮೇಲಿನ ಬತ್ತಿ ದಿನಾ ಬೇಕಾದ ವಸ್ತು, ಅಲ್ವಾ?

ಫ್ರಾಂಕ್ ಹುಟ್ಟಿದ್ದು 1885ರಲ್ಲಿ, ವಿಯೆನ್ನಾ ಪಕ್ಕದ ಬಾಡೆನ್ ಎಂಬ ಊರಿನಲ್ಲಿ. ಯಹೂದಿ ಮನೆತನ. ಓದಿದ್ದು ವಾಸ್ತುಶಿಲ್ಪ. 1927ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಹೊಸ ಕಾಲದ ಮನೆಗಳ ದೊಡ್ಡ ಪ್ರದರ್ಶನ ನಡೆಯಿತು. ಆಸ್ಟ್ರಿಯಾದಿಂದ ಅಲ್ಲಿ ಮನೆ ಕಟ್ಟಿದ ವಾಸ್ತುಶಿಲ್ಪಿ ಇವರೊಬ್ಬರೇ. ಹೊರಗಡೆಯಿಂದ ಇವರ ಮನೆಯೂ ಉಳಿದವರದ್ದರ ಹಾಗೆ ಬಿಳಿ ಗೋಡೆ, ಚಪ್ಪಟೆ ತಾರಸಿ. ಒಳಗೆ ಹೋದರೆ ಬಣ್ಣದ ಬಟ್ಟೆ, ತುಂಬ ದಿಂಬು. ಉಕ್ಕಿನ ಕೊಳವೆಯ ಕುರ್ಚಿಗಳನ್ನು ಮೆಚ್ಚುತ್ತಿದ್ದವರಿಗೆ ಅದು ಹಿಡಿಸಲಿಲ್ಲ, ಗೇಲಿ ಮಾಡಿದರು. ಫ್ರಾಂಕ್ ಜಗ್ಗಲಿಲ್ಲ. ಮನೆ ಅನ್ನುವುದು ಕಾರ್ಖಾನೆ ಥರ ಇರಬಾರದು, ಅಲ್ಲಿ ಮನುಷ್ಯ ಕಾಲು ಚಾಚಿ ಕೂತು ಸುಮ್ನೆ ಇರಲು ಆಗಬೇಕು ಅನ್ನುವುದು ಅವರ ಪಟ್ಟು. ನನಗೆ ಅವರ ಮಾತೇ ಸರಿ ಅನಿಸುತ್ತದೆ.

ಯಹೂದಿಗಳ ಮೇಲಿನ ದ್ವೇಷ ಹೆಚ್ಚುತ್ತಾ ಹೋದ ಹಾಗೆ ವಿಯೆನ್ನಾದಲ್ಲಿ ಬದುಕುವುದು ಕಷ್ಟವಾಯಿತು. ಹೆಂಡತಿ ಆನಾ ಸ್ವೀಡನ್ನಿನವರು. 1933ರ ಕೊನೆಯ ಹೊತ್ತಿಗೆ ಇಬ್ಬರೂ ಸ್ಟಾಕ್‌ಹೋಮಿಗೆ ಹೊರಟರು. ಫ್ರಾಂಕ್‌ಗೆ ಆಗಲೇ 48 ವರ್ಷ. ಆ ವಯಸ್ಸಿನಲ್ಲಿ ಪರದೇಶದಲ್ಲಿ ಮೊದಲಿಂದ ಶುರು ಮಾಡುವುದು ಸಣ್ಣ ಮಾತಲ್ಲ.

ಕೈ ಹಿಡಿದವರು ಎಸ್ಟ್ರಿಡ್ ಎರಿಕ್ಸನ್. ಚಿತ್ರಕಲೆಯ ಟೀಚರ್ ಆಗಿದ್ದವರು. ತಂದೆಯಿಂದ ಬಂದ ಹಣವನ್ನು ಹಾಕಿ 1924ರಲ್ಲಿ ಈ ಅಂಗಡಿ ತೆರೆದಿದ್ದರು. ಮೊದಲು ತವರದ ಸಾಮಾನು, ಆಮೇಲೆ ಪೀಠೋಪಕರಣ, ಬಟ್ಟೆ, ದೀಪ. ಫ್ರಾಂಕ್ ಚಿತ್ರ ಬರೆದುಕೊಟ್ಟರೆ, ಯಾವುದನ್ನು ಎಲ್ಲಿಟ್ಟರೆ ಚೆಂದ ಅನ್ನುವುದು ಎಸ್ಟ್ರಿಡ್ ಅವರಿಗೆ ಗೊತ್ತಿತ್ತು.

ಈಗ ಆ ಇಸವಿಯನ್ನು ಇನ್ನೊಮ್ಮೆ ನೆನೆಸಿಕೊಳ್ಳಿ. 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಫ್ರಾಂಕ್ ಪಾಲಿಗೆ ವಾಪಸ್ ಹೋಗುವ ದಾರಿ ಮುಚ್ಚಿತು. ಅದೇ ವರ್ಷ ಅವರು ಸ್ನೇಹದ ಹೆಸರಿನಲ್ಲಿ ಹಿತ್ತಾಳೆಗೆ ಗಂಟು ಹಾಕಿದರು. ಈ ಸ್ಟ್ಯಾಂಡನ್ನು ಬರೀ ಅಲಂಕಾರದ ವಸ್ತುವಾಗಿ ನೋಡಲು ನನಗಂತೂ ಆಗುವುದಿಲ್ಲ.

ಯುದ್ಧದ ಕಾಲದಲ್ಲಿ ಫ್ರಾಂಕ್ ನ್ಯೂಯಾರ್ಕಿನಲ್ಲಿ ಇರಬೇಕಾಯಿತು. ನಡುವೆ ಅಟ್ಲಾಂಟಿಕ್ ಸಾಗರ. 1944ರಲ್ಲಿ ಎಸ್ಟ್ರಿಡ್‌ಗೆ 50 ತುಂಬಿತು. ಫ್ರಾಂಕ್ ಕಳಿಸಿದ ಉಡುಗೊರೆ ಏನು ಗೊತ್ತೇ? ಬಟ್ಟೆಯ ಮೇಲೆ ಅಚ್ಚು ಹಾಕಲು 50 ಹೊಸ ವಿನ್ಯಾಸ! ಹೂವು, ಬಳ್ಳಿ, ಹಕ್ಕಿ. ಯುದ್ಧ ಮುಗಿದ ಮೇಲೆ ಫ್ರಾಂಕ್ ಸ್ಟಾಕ್‌ಹೋಮಿಗೆ ಮರಳಿದರು, 1967ರಲ್ಲಿ ಅಲ್ಲೇ ತೀರಿಕೊಂಡರು.

ಇಂಥ ಹಿತ್ತಾಳೆ ವಸ್ತು ನಿಮ್ಮಲ್ಲಿದ್ದರೆ ಒಂದು ಮಾತು. ಮೇಲೆ ವಾರ್ನಿಷ್ ಇಲ್ಲದಿದ್ದರೆ ಗಾಳಿಗೆ ಕಪ್ಪಾಗುತ್ತದೆ. ಹುಣಸೆಹಣ್ಣಿನ ಹುಳಿ ಆ ಕಪ್ಪನ್ನು ತೆಗೆಯುತ್ತದೆ, ನಮ್ಮ ಮನೆಗಳಲ್ಲಿ ಗೊತ್ತಿರುವುದೇ. ವಾರ್ನಿಷ್ ಇದ್ದರೆ ಮಾತ್ರ ಉಜ್ಜಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಅಂಗಡಿ 1975ರಿಂದ ಒಂದು ಪ್ರತಿಷ್ಠಾನದ ಕೈಯಲ್ಲಿದೆ. ಬಂದ ಲಾಭ ವಿಜ್ಞಾನದ ಸಂಶೋಧನೆಗೂ ಸ್ವೀಡನ್ನಿನ ವಿನ್ಯಾಸ ಕಲೆಗೂ ಹೋಗುತ್ತದೆ. ಫ್ರಾಂಕ್ ಬರೆದ ಹೂಬಳ್ಳಿಯ ಬಟ್ಟೆಗಳನ್ನು ಅಲ್ಲಿ ಈಗಲೂ ಮಾರುತ್ತಾರೆ. ನಮಸ್ಕಾರ.