ಡಯಾಲಿಸಿಸ್ ಹೊತ್ತಿನಲ್ಲಿ ಮಿದುಳಿನ ರಕ್ತ

ಕೇಳುಗರಿಗೆ ನಮಸ್ಕಾರ. ಮೂತ್ರಪಿಂಡ ಕೆಟ್ಟವರ ರಕ್ತವನ್ನು ಯಂತ್ರದಲ್ಲಿ ಶುದ್ಧಮಾಡಿ, ಮೈಯಲ್ಲಿ ನಿಂತ ನೀರು ತೆಗೆಯುವುದೇ ಡಯಾಲಿಸಿಸ್. ಅದನ್ನು ಮುಗಿಸಿ ಬಂದವರು ಮನೆಯಲ್ಲಿ ಮಂಕಾಗಿ ಕೂರುತ್ತಾರೆ, ಕೇಳಿದ್ದಕ್ಕೆ ತಡೆದು ತಡೆದು ಉತ್ತರಿಸುತ್ತಾರೆ. ‘ಸುಸ್ತು, ಮಲಗಲಿ’ ಅಂದು ನೀವು ಸುಮ್ಮನಾಗುತ್ತೀರಿ. ಬರೀ ಸುಸ್ತಲ್ಲ ಅದು. ಡಯಾಲಿಸಿಸ್ ನಡೆಯುವ ನಾಲ್ಕು ಗಂಟೆಯಲ್ಲಿ ಮಿದುಳಿಗೆ ಹರಿಯುವ ರಕ್ತ ಸರಾಸರಿ ನೂರಕ್ಕೆ 10ರಷ್ಟು ಇಳಿಯುತ್ತದೆ. ನೀರನ್ನು ಅವಸರದಲ್ಲಿ ತೆಗೆದಷ್ಟೂ ಮಿದುಳಿಗೆ ತೊಂದರೆ.

60 ಕಿಲೋ ತೂಕದವರ ರಕ್ತದಲ್ಲಿ ಕಣಗಳನ್ನು ಬಿಟ್ಟರೆ ಇರುವ ದ್ರವ ಸುಮಾರು 3 ಲೀಟರ್. ಯಂತ್ರ ಒಂದು ಸಲಕ್ಕೆ ತೆಗೆಯುವುದೂ ಎಷ್ಟೋ ಸಲ 3 ಲೀಟರೇ! ಆದರೂ ರಕ್ತನಾಳ ಬತ್ತುವುದಿಲ್ಲ. ಕಾಲಲ್ಲಿ, ಹೊಟ್ಟೆಯಲ್ಲಿ ನಿಂತ ನೀರು ಒಸರಿ ಬಂದು ತುಂಬುತ್ತದೆ. ಬಾವಿಯ ಹಾಗೆ. ಒರತೆ ಊರುವುದಕ್ಕಿಂತ ಬೇಗ ಸೇದಿದರೆ ತಳ ಕಾಣುತ್ತದೆ, ಬಿ.ಪಿ. ಕುಸಿಯುತ್ತದೆ. ಆರೋಗ್ಯವಂತರ ಮಿದುಳಿನ ನಾಳ ಆಗ ತಾನೇ ಹಿಗ್ಗಿ ರಕ್ತ ಎಳೆದುಕೊಳ್ಳುತ್ತದೆ. ಸಕ್ಕರೆ ಕಾಯಿಲೆ, ಹಳೆಯ ಬಿ.ಪಿ. ಇದ್ದವರ ನಾಳ ಪೆಡಸು, ಹಿಗ್ಗುವುದಿಲ್ಲ.

ಒಂದು ಹಳೆಯ ಸಂಗತಿ ಹೇಳಲೇಬೇಕು. 1945, ನೆದರ್ಲೆಂಡ್ಸ್‌ನ ಕಾಂಪೆನ್ ಊರು. ಡಯಾಲಿಸಿಸ್ ಯಂತ್ರ ಕಟ್ಟಿದ ಡಾಕ್ಟರ್ ವಿಲೆಮ್ ಕಾಲ್ಫ್ ಅವರು ಸಾಸೇಜ್ ಸುತ್ತುವ ಸೆಲೋಫೇನ್ ಕೊಳವೆಯನ್ನು ಪೀಪಾಯಿಯಂಥ ಉರುಳೆಗೆ ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ಅರ್ಧ ಮುಳುಗಿಸಿ ತಿರುಗಿಸುತ್ತಿದ್ದರು. ಕೊಳವೆಯೊಳಗೆ ರೋಗಿಯ ರಕ್ತ. ಅಲ್ಲಿಯವರೆಗೆ ಹದಿನೈದಕ್ಕೂ ಹೆಚ್ಚು ಜನರ ಮೇಲೆ ಪ್ರಯತ್ನಿಸಿದ್ದರು, ಹೆಚ್ಚುಕಡಿಮೆ ಎಲ್ಲರೂ ತೀರಿಕೊಂಡಿದ್ದರು. ಆಮೇಲೆ ಬಂದವರು 67 ವರ್ಷದ ಒಬ್ಬ ಮಹಿಳೆ, ಪ್ರಜ್ಞೆಯೇ ಇರಲಿಲ್ಲ. ಸುಮಾರು 11 ಗಂಟೆ ಯಂತ್ರ ತಿರುಗಿದ ಮೇಲೆ ಕಣ್ಣು ಬಿಟ್ಟು ಮಾತಾಡಿದರು! ಮೂತ್ರಪಿಂಡದ ಯಂತ್ರ ಗೆದ್ದದ್ದು ಮಿದುಳು ಎಚ್ಚರಗೊಂಡದ್ದರಿಂದ ಗೊತ್ತಾಯಿತು. ಹನ್ನೊಂದು ಗಂಟೆ, ಗಮನಿಸಿ. ನಾವೋ, ‘ಸಿಸ್ಟರ್, ಅರ್ಧ ಗಂಟೆ ಮೊದಲೇ ಬಿಡಿ’ ಅನ್ನುತ್ತೇವೆ.

ಲೆಕ್ಕ ಬರೆದುಕೊಳ್ಳಿ. ನಿಮ್ಮ ತೂಕವನ್ನು 13ರಿಂದ ಗುಣಿಸಿ. ಗಂಟೆಗೆ ತೆಗೆಯುವ ನೀರು ಅಷ್ಟು ಮಿಲಿಲೀಟರ್ ದಾಟಬಾರದು. 60 ಕಿಲೋಗೆ 780. ನಾಲ್ಕು ಗಂಟೆಯಲ್ಲಿ 3 ಲೀಟರ್ ಅಂದರೆ ಗಂಟೆಗೆ 750, ಹೇಗೋ ಆದೀತು. 4 ಲೀಟರ್ ಅಂದರೆ ಸಾವಿರ, ಆಗದು. ಐದು ಗಂಟೆಗೂ ಮೇಲೆ ಬೇಕು. ಹೆಚ್ಚು ಹೊತ್ತು ಕೂರಿ, ಇಲ್ಲವೇ ಕಡಿಮೆ ನೀರು ಹೊತ್ತು ಬನ್ನಿ. ಉಪ್ಪು ದಿನಕ್ಕೆ 5 ಗ್ರಾಂ ಮೀರದಿದ್ದರೆ ಬಾಯಾರಿಕೆ ತಾನೇ ತಗ್ಗುತ್ತದೆ.

ಆಕಳಿಕೆ ಮೇಲೆ ಆಕಳಿಕೆ, ಬೆವರು, ಕಣ್ಣು ಮಂಜು, ಇವು ಬಿ.ಪಿ. ಕುಸಿಯುವ ಸೂಚನೆ: ಬಿ.ಪಿ. ಪಟ್ಟಿ ಕಟ್ಟುವ ಸರದಿ ಬರಲಿ ಎಂದು ಕಾಯದೆ ಆಗಲೇ ಹೇಳಿ. ಸಿಬ್ಬಂದಿ ನೀರು ತೆಗೆಯುವುದನ್ನು ನಿಲ್ಲಿಸಿ, ಕಾಲು ಎತ್ತರಿಸಿ, ಬೇಕಾದರೆ ಸಲೈನ್ ಕೊಡುತ್ತಾರೆ. ಮೊದಲ ಡಯಾಲಿಸಿಸ್ಸನ್ನು ಎರಡೇ ಗಂಟೆಗೆ ನಿಲ್ಲಿಸುವುದು ಬೇರೆ ಕಾರಣಕ್ಕೆ: ರಕ್ತದಲ್ಲಿ ಸೇರಿದ ಯೂರಿಯಾ ಎಂಬ ಕಶ್ಮಲ ಥಟ್ಟನೆ ಇಳಿದರೆ ಮಿದುಳು ನೀರು ಹೀರಿ ಊದುತ್ತದೆ. ಸಮಯವಾಗುತ್ತಿದೆ, ಇನ್ನೊಂದೇ ಮಾತು. ಯಂತ್ರದ ದ್ರಾವಣವನ್ನು 36 ಡಿಗ್ರಿಗೆ ಇಳಿಸಿದರೆ ನಾಳ ಬಿಗಿಯಾಗಿ ಬಿ.ಪಿ. ಕುಸಿಯದೆ ನಿಲ್ಲುತ್ತದೆ, ಡಾಕ್ಟರನ್ನು ಕೇಳಿ. ಚಳಿಯಾಗುತ್ತದೆ, ಹೊದಿಕೆ ತೆಗೆದುಕೊಂಡು ಹೋಗಿ. ನಮಸ್ಕಾರ.